ಕೌನ್ಸಿಲ್‌ನ ಟ್ರಾವೆಲರ್ ಸೈಟ್: ಒಳಗಿರುವವರಿಗೆ ಪರವಾಗಿಲ್ಲ, ಹೊರಗಿರುವವರಿಗೆ ಏನೂ ಇಲ್ಲ

ಐದರಲ್ಲಿ ಎರಡು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಎರಡು, ಯಾಕೆ ಅದಕ್ಕಿಂತ ಜಾಸ್ತಿ ಇಲ್ಲ ಅಂತ ವಿವರವಾಗಿಯೇ ಬರೆಯುತ್ತೇನೆ.

ನಾನು ಇಂಗ್ಲೆಂಡಿನಲ್ಲಿ ಹೆಲ್ತ್ ವಿಸಿಟರ್. ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಹೋಗಿ ಮಗುವಿನ ತೂಕ, ಬೆಳವಣಿಗೆ, ಲಸಿಕೆ, ತಾಯಿಯ ಆರೋಗ್ಯ ಎಲ್ಲ ನೋಡುವ ನರ್ಸ್. ನನ್ನ ಏರಿಯಾದಲ್ಲಿ ಕೌನ್ಸಿಲ್ (ಸ್ಥಳೀಯ ಆಡಳಿತ) ನಡೆಸುವ ಒಂದು ಜಿಪ್ಸಿ ಮತ್ತು ಟ್ರಾವೆಲರ್ ಸೈಟ್ ಇದೆ, ಅಂದರೆ ಟ್ರೇಲರ್‌ನಲ್ಲಿ (ಕ್ಯಾರವಾನ್, ಚಕ್ರದ ಮೇಲಿನ ಮನೆ) ಬದುಕುವ ಅಲೆಮಾರಿ ಸಮುದಾಯಗಳಿಗಾಗಿ ಇರುವ ಜಾಗ. ಹದಿನೈದು ಪಿಚ್, ಒಂದೊಂದು ಕುಟುಂಬಕ್ಕೆ ಒಂದೊಂದು. ಹೆಚ್ಚಿನವರು ರೋಮನಿ ಜಿಪ್ಸಿಗಳು, ಎರಡು ಮೂರು ಐರಿಶ್ ಟ್ರಾವೆಲರ್ ಕುಟುಂಬಗಳು. ಕೌನ್ಸಿಲ್ ಯಾವುದು ಅಂತ ಹೇಳುವುದಿಲ್ಲ. ಅಲ್ಲಿರುವವರ ಗುರುತು ಸಿಗುವಂಥದ್ದನ್ನೂ ಬರೆಯುವುದಿಲ್ಲ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಎಷ್ಟೋ ಜನ ಆಸ್ಪತ್ರೆ, ಶಾಲೆ, ಕೌನ್ಸಿಲ್ ಆಫೀಸುಗಳಲ್ಲಿ ಇದ್ದೀರಿ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 71,440 ಜನ ತಮ್ಮನ್ನು ಜಿಪ್ಸಿ ಅಥವಾ ಐರಿಶ್ ಟ್ರಾವೆಲರ್ ಅಂತ ಬರೆಸಿದ್ದಾರೆ. ಅವರಲ್ಲಿ ಒಬ್ಬರಾದರೂ ಒಂದಲ್ಲ ಒಂದು ದಿನ ನಿಮ್ಮ ಟೇಬಲ್ ಮುಂದೆ ಬಂದು ಕೂರುತ್ತಾರೆ. ಆದರೆ ಅವರ ಬಗ್ಗೆ ಪಕ್ಕದ ಮನೆಯವರು ಹೇಳಿದ್ದು ಬಿಟ್ಟರೆ ನಮ್ಮ ಕಿವಿಗೆ ಬೇರೇನೂ ಬಿದ್ದಿರುವುದಿಲ್ಲ.

ಮೊದಲು ಪಿಚ್ ಹೇಗಿದೆ ಅಂತ ನೋಡೋಣ. ಒಂದು ಕುಟುಂಬಕ್ಕೆ ಕಾಂಕ್ರೀಟ್ ಹಾಕಿದ ಒಂದು ಜಾಗ. ಅದರ ಮೇಲೆ ವಾಸಕ್ಕೆ ದೊಡ್ಡ ಟ್ರೇಲರ್, ಪ್ರಯಾಣಕ್ಕೆ ಎಳೆದುಕೊಂಡು ಹೋಗಲು ಇನ್ನೊಂದು ಚಿಕ್ಕದು. ಜೂನ್‌ನಲ್ಲಿ ಕಂಬ್ರಿಯಾದ ಆಪಲ್‌ಬಿಯಲ್ಲಿ ಕುದುರೆ ಜಾತ್ರೆ ನಡೆಯುತ್ತದೆ. ಆಗ ಈ ಚಿಕ್ಕ ಟ್ರೇಲರ್‌ಗಳು ಒಂದೊಂದಾಗಿ ಹೊರಡುತ್ತವೆ, ಅರ್ಧ ಸೈಟ್ ಖಾಲಿ. ಒಂದು ಟ್ರೇಲರ್‌ಗೂ ಇನ್ನೊಂದಕ್ಕೂ ಆರು ಮೀಟರ್ ಅಂತರ ಬಿಟ್ಟಿದ್ದಾರೆ. ಬೆಂಕಿ ಹತ್ತಿದರೆ ಪಕ್ಕಕ್ಕೆ ಹಬ್ಬಬಾರದು ಅಂತ. ಪಿಚ್‌ನ ಮೂಲೆಯಲ್ಲಿ ಇಟ್ಟಿಗೆಯ ಪುಟ್ಟ ಕಟ್ಟಡ. ಅದರೊಳಗೆ ಅಡುಗೆಮನೆ, ಸ್ನಾನ, ಟಾಯ್ಲೆಟ್. ಎಲ್ಲರೂ ಅದನ್ನು ಬ್ಲಾಕ್ ಅನ್ನುತ್ತಾರೆ.

ಈ ಬ್ಲಾಕ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಟ್ರೇಲರ್ ಒಳಗೆ ಟಾಯ್ಲೆಟ್ ಇದ್ದರೂ ಬಹಳಷ್ಟು ಮನೆಗಳಲ್ಲಿ ಅದನ್ನು ಬಳಸುವುದಿಲ್ಲ. ಉಣ್ಣುವ, ಮಲಗುವ ಜಾಗದಲ್ಲಿ ಅದು ಮೈಲಿಗೆ. ಪಾತ್ರೆ ತೊಳೆಯುವ ಬೋಗುಣಿ ಬೇರೆ, ಕೈ ಮುಖ ತೊಳೆಯುವುದು ಬೇರೆ, ಬಟ್ಟೆಗೆ ಬೇರೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಬಳಸಿಬಿಟ್ಟರೆ ಅದನ್ನು ಮತ್ತೆ ಅಡುಗೆಗೆ ಮುಟ್ಟುವುದಿಲ್ಲ. ಮಡಿ, ಮುಸುರೆ ಅಂತ ಕೇಳಿಕೊಂಡೇ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಗುವನ್ನು ಮುಟ್ಟುವ ಮುಂಚೆ ನಾನು ಕೈ ತೊಳೆಯಲೇಬೇಕು. ಒಂದು ಮನೆಯ ಅಜ್ಜಿ ನಾನು ಹೋಗುವ ಹೊತ್ತಿಗೆ ಸ್ಟೀಲ್ ಬೋಗುಣಿಯಲ್ಲಿ ಬಿಸಿನೀರು, ಸೋಪು, ಇಸ್ತ್ರಿ ಮಾಡಿದ ಬಿಳಿ ಟವೆಲ್ ತೆಗೆದಿಟ್ಟಿರುತ್ತಾರೆ. "ಇದು ನಿನಗೇ ಅಂತ ಇಟ್ಟಿದ್ದೀನಮ್ಮ, ಬೇರೆ ಯಾರೂ ಮುಟ್ಟಲ್ಲ" ಅಂದರು. ಅಷ್ಟು ಒಪ್ಪವಾದ ಮನೆಗಳನ್ನು ನಾನು ಊರೊಳಗಿನ ವಿಸಿಟ್‌ಗಳಲ್ಲೂ ಅಪರೂಪಕ್ಕೆ ನೋಡಿದ್ದೇನೆ. ಗಾಜಿನ ಬೀರು, ಅದರಲ್ಲಿ ಸಾಲಾಗಿ ಜೋಡಿಸಿದ ಪಿಂಗಾಣಿ ತಟ್ಟೆಗಳು, ಒಂದು ಚೂರು ಧೂಳಿಲ್ಲ.

ಇಂಥವರಿಗೆ ಕೌನ್ಸಿಲ್ ಕಟ್ಟಿಕೊಟ್ಟಿರುವ ಬ್ಲಾಕ್‌ನಲ್ಲಿ ಟಾಯ್ಲೆಟ್ ಬಾಗಿಲು ನೇರ ಅಡುಗೆಮನೆಗೆ ತೆರೆಯುತ್ತದೆ. ಸಿಂಕ್‌ನಿಂದ ಎರಡು ಹೆಜ್ಜೆ. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಹೀಗೆ ಕಟ್ಟುತ್ತಿರಲಿಲ್ಲ. ಸೈಟ್‌ಗಳನ್ನು ಹೇಗೆ ಕಟ್ಟಬೇಕು ಅಂತ ಸರ್ಕಾರವೇ 2008ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತ್ತು. ಟಾಯ್ಲೆಟ್‌ಗೆ ಹೋಗಲು ನಡುವೆ ಒಂದು ಚಿಕ್ಕ ಲಾಬಿ ಇರಬೇಕು, ಇಲ್ಲವೇ ಹೊರಗಿನಿಂದಲೇ ಬೇರೆ ಬಾಗಿಲು ಇರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. 2015ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಈ ಸೈಟ್ ಆ ಮಾರ್ಗಸೂಚಿಗಿಂತ ಎಷ್ಟೋ ಹಳೆಯದು. ರಿಪೇರಿ ಕೆಲಸ ಬಂದಾಗ ನಾಲ್ಕು ಬ್ಲಾಕ್‌ಗಳಲ್ಲಿ ಮಾತ್ರ ಒಳಬಾಗಿಲು ಮುಚ್ಚಿ ಹೊರಗೋಡೆಯಲ್ಲಿ ಬಾಗಿಲು ಇಟ್ಟರು. ಆಮೇಲೆ ದುಡ್ಡು ಮುಗಿಯಿತಂತೆ.

ಒಂದು ಬಾಗಿಲಿನಿಂದ ಏನಾಗುತ್ತದೆ ಅನ್ನಬೇಡಿ. ಬಾಗಿಲು ಬದಲಾದ ನಾಲ್ಕು ಮನೆಯವರು ಬ್ಲಾಕ್‌ನಲ್ಲೇ ಅಡುಗೆ ಮಾಡುತ್ತಾರೆ. ಉಳಿದವರು ಟ್ರೇಲರ್ ಒಳಗೇ ಗ್ಯಾಸ್ ಹಚ್ಚುತ್ತಾರೆ. ಚಳಿಗೆ ಕಿಟಕಿ ಮುಚ್ಚಿರುತ್ತದೆ. ಅಡುಗೆಯ ಹಬೆಯೆಲ್ಲ ಗೋಡೆಗೆ ಕೂತು ನೀರಾಗಿ ಇಳಿಯುತ್ತದೆ. ಮಂಚದ ಹಿಂದೆ, ಬೀರು ಹಿಂದೆ ಕಪ್ಪು ಬೂಸಲು. ಮಕ್ಕಳಿಗೆ ಕೆಮ್ಮು, ಉಬ್ಬಸ. ನಾನು ಕೌನ್ಸಿಲ್‌ಗೆ ಬರೆದ ಪತ್ರಗಳಲ್ಲಿ ಕೇಳಿದ್ದು ಔಷಧಿಯನ್ನಲ್ಲ, ಬಾಗಿಲನ್ನು. ಇನ್ನೂ ಹನ್ನೊಂದು ಬ್ಲಾಕ್ ಹಾಗೇ ಇವೆ.

ಇನ್ನು ಸೈಟ್ ನೋಡಿಕೊಳ್ಳುವ ವಾರ್ಡನ್. ಇವರಿಗೆ ಪೂರ್ತಿ ಅಂಕ. ಸೈಟ್‌ನ ಹಿರಿಯರಲ್ಲಿ ಓದಲು ಬರದವರು ಇದ್ದಾರೆ. ಆಸ್ಪತ್ರೆಯ ಪತ್ರ ಬಂದರೆ ಅವರು ಆಫೀಸ್ ಬಾಗಿಲಿಗೆ ಬಂದು ನಿಲ್ಲುತ್ತಾರೆ. ವಾರ್ಡನ್ ಬಾಗಿಲು ಮುಚ್ಚಿ, ಬೇರೆಯವರಿಗೆ ಕೇಳಿಸದ ಹಾಗೆ ಓದಿ ಹೇಳುತ್ತಾರೆ. ಹೆಣ್ಣುಮಕ್ಕಳ ವಿಷಯವಾದರೆ ಸುಮ್ಮನೆ ನನಗೆ ಫೋನ್ ಮಾಡಿ ಅವರ ಕೈಗೆ ಕೊಡುತ್ತಾರೆ. ಬಾಯ್ಲರ್ ಕೆಟ್ಟಾಗ ಕಂಟ್ರಾಕ್ಟರ್ ಕಡೆಯವನು ಒಬ್ಬನೇ ಸೈಟ್ ಒಳಗೆ ಬರುವುದಿಲ್ಲ ಅಂದ. ವಾರ್ಡನ್ ಗೇಟಿಗೆ ಹೋಗಿ ಕರೆದುಕೊಂಡು ಬಂದರು. ಒಳಗೆ ಬಂದವನಿಗೆ ಟೀ, ಕೇಕ್ ಎಲ್ಲ ಸಿಕ್ಕಿತು. ಮುಂದಿನ ಸಲ ತಾನಾಗಿಯೇ ಬಂದ.

ಕರೆಂಟ್ ವ್ಯವಸ್ಥೆ ಮಾತ್ರ ಕೆಟ್ಟದ್ದು. ಇಲ್ಲಿಯ ಕುಟುಂಬಗಳು ಕರೆಂಟ್ ಕಂಪನಿಯ ಗ್ರಾಹಕರಲ್ಲ. ಗ್ರಾಹಕ ಅಂದರೆ ಕೌನ್ಸಿಲ್. ಇವರು ಸೈಟ್ ಆಫೀಸಿನಲ್ಲಿ ಕಾರ್ಡ್ ಕೊಂಡು ಮೀಟರ್‌ಗೆ ಹಾಕಬೇಕು. ಆಫೀಸ್ ವಾರದ ದಿನಗಳಲ್ಲಿ, ಹಗಲು ಮಾತ್ರ. ಶುಕ್ರವಾರ ಸಂಜೆ ಕಾರ್ಡ್ ಮುಗಿದರೆ ಪಕ್ಕದವರ ಹತ್ತಿರ ಕೇಳಬೇಕು. ಅಗ್ಗದ ಕಂಪನಿಗೆ ಬದಲಾಯಿಸುತ್ತೇನೆ ಅಂದರೆ ಆಗುವುದಿಲ್ಲ. 2022ರ ಚಳಿಗಾಲದಲ್ಲಿ ಸರ್ಕಾರ ಎಲ್ಲ ಮನೆಗಳ ಬಿಲ್‌ಗೆ 400 ಪೌಂಡ್ ಸಹಾಯ ಕೊಟ್ಟಿತಲ್ವಾ, ಅಕ್ಟೋಬರ್‌ನಿಂದಲೇ ನಮ್ಮೆಲ್ಲರ ಖಾತೆಗೆ ತಾನಾಗಿಯೇ ಬಂತು. ಇವರಿಗೆ ಬರಲಿಲ್ಲ, ಯಾಕೆಂದರೆ ಅವರ ಹೆಸರಲ್ಲಿ ಬಿಲ್ಲೇ ಇಲ್ಲ. ಇಂಥವರಿಗೆ ಅಂತ ಬೇರೆ ಅರ್ಜಿ ಶುರುವಾಗಿದ್ದು 2023ರ ಫೆಬ್ರವರಿ 27ಕ್ಕೆ. ಅದೂ ಆನ್‌ಲೈನ್ ಅರ್ಜಿ. ಅಷ್ಟು ಹೊತ್ತಿಗೆ ಚಳಿಗಾಲ ಮುಗಿಯುತ್ತಾ ಬಂದಿತ್ತು. ವಾರ್ಡನ್ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆ ಮನೆಗೆ ಹೋಗಿ ತುಂಬಿಸಿದರು.

ಜಾಗದ ವಿಷಯಕ್ಕೆ ಬಂದರೆ ಸೈಟ್‌ನ ಮುಂದೆ ದೊಡ್ಡ ರಸ್ತೆ, ಹಿಂದೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ಬೇಸಿಗೆಯಲ್ಲಿ ಕಿಟಕಿ ತೆಗೆದರೆ ವಾಸನೆ, ಮುಚ್ಚಿದರೆ ಸೆಕೆ. ಗೇಟಿನಿಂದ ಊರಿಗೆ ಫುಟ್‌ಪಾತ್ ಇಲ್ಲ. ತಾಯಂದಿರು ಮಗುವಿನ ತಳ್ಳುಗಾಡಿ ತಳ್ಳಿಕೊಂಡು ರಸ್ತೆ ಅಂಚಿನ ಹುಲ್ಲಿನ ಮೇಲೆ ಹೋಗುತ್ತಾರೆ. ಲಾರಿ ಹೋದಾಗ ತಳ್ಳುಗಾಡಿ ಅಲುಗಾಡುತ್ತದೆ. ಬಸ್ ನಿಲ್ಲುವುದಿಲ್ಲ. ಕ್ಲಿನಿಕ್‌ಗೆ ಬರಲಿಲ್ಲ ಅಂತ ಇವರ ಹೆಸರನ್ನು ಪಟ್ಟಿಯಿಂದ ತೆಗೆಯುವ ಮುಂಚೆ ಆ ರಸ್ತೆಯಲ್ಲಿ ಒಮ್ಮೆ ನಡೆದು ನೋಡಬೇಕು. ಇಂಥ ಜಾಗ ಇದೊಂದೇ ಅಲ್ಲ. ಲಂಡನ್‌ನಲ್ಲಿ ವೆಸ್ಟ್‌ವೇ ಫ್ಲೈಓವರ್‌ನ ಅಡಿಯಲ್ಲೇ 1970ರ ದಶಕದಿಂದ ಒಂದು ಸೈಟ್ ಇದೆ. ಹೆದ್ದಾರಿ, ರೈಲು ಹಳಿ, ಕಸದ ಗುಂಡಿ, ಇವುಗಳ ಪಕ್ಕ ಸಿಗುವ ಸೈಟ್‌ಗಳು ಬೇಕಾದಷ್ಟು. ಊರಿನ ಹತ್ತಿರ ಅಂದ ಕೂಡಲೇ ಊರವರು ಬೇಡ ಅನ್ನುತ್ತಾರೆ, ಕೊನೆಗೆ ಯಾರಿಗೂ ಬೇಡದ ಜಾಗ ಇವರ ಪಾಲಿಗೆ ಬರುತ್ತದೆ.

ಒಂದು ವಿಷಯದಲ್ಲಿ ಪರಿಸ್ಥಿತಿ ನಿಜಕ್ಕೂ ಸುಧಾರಿಸಿದೆ. ಮೊದಲೆಲ್ಲ ಕೌನ್ಸಿಲ್ ಸೈಟ್‌ನಲ್ಲಿದ್ದವರನ್ನು ನಾಲ್ಕು ವಾರದ ನೋಟಿಸ್ ಕೊಟ್ಟು ಖಾಲಿ ಮಾಡಿಸಬಹುದಿತ್ತು. ಕೋರ್ಟಿನಲ್ಲಿ ಕಾರಣ ಸಾಬೀತು ಮಾಡಬೇಕಾಗಿಯೂ ಇರಲಿಲ್ಲ. ಲೀಡ್ಸ್‌ನ ಕಾಟಿಂಗ್ಲಿ ಸ್ಪ್ರಿಂಗ್ಸ್ ಸೈಟ್‌ನಿಂದ 2000ದಲ್ಲಿ ಹೀಗೆ ಎಬ್ಬಿಸಿದ ಒಂದು ಕುಟುಂಬದ ಕೇಸ್ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿನ ತನಕ ಹೋಯಿತು. 2004ರಲ್ಲಿ ಬ್ರಿಟನ್ ಸೋತಿತು. ಅದಾದ ಮೇಲೂ ಏಳು ವರ್ಷ ಕಾಯಬೇಕಾಯಿತು. 2011ರ ಏಪ್ರಿಲ್ 30ರಿಂದ ಇಂಗ್ಲೆಂಡಿನ ಕೌನ್ಸಿಲ್ ಸೈಟ್‌ಗಳಿಗೂ ಮೊಬೈಲ್ ಹೋಮ್ಸ್ ಆಕ್ಟ್ 1983 ಅನ್ವಯವಾಗುತ್ತದೆ. ಈಗ ಪ್ರತಿ ಕುಟುಂಬಕ್ಕೂ ಲಿಖಿತ ಕರಾರು ಇದೆ. ಎಬ್ಬಿಸಬೇಕಾದರೆ ಕೋರ್ಟಿಗೆ ಹೋಗಿ ಕಾರಣ ತೋರಿಸಬೇಕು. ಆ ಕರಾರು ಪತ್ರವನ್ನು ಅಜ್ಜಿ ತಮ್ಮ ಬೈಬಲ್ ಒಳಗೆ ಇಟ್ಟಿದ್ದಾರೆ, ನನಗೆ ತೆಗೆದು ತೋರಿಸಿದರು. ನನ್ನ ಎರಡು ಸ್ಟಾರ್‌ನಲ್ಲಿ ಒಂದು ಈ ಕರಾರಿಗೆ, ಇನ್ನೊಂದು ವಾರ್ಡನ್‌ಗೆ.

ಉಳಿದ ಮೂರು ಯಾಕೆ ಹೋದವು ಅಂದರೆ, ಸೈಟ್ ತುಂಬಿದೆ. ವೇಟಿಂಗ್ ಲಿಸ್ಟ್ ಮುಂದಕ್ಕೆ ಹೋಗುವುದೇ ಇಲ್ಲ. ಸೈಟ್‌ನಲ್ಲೇ ಹುಟ್ಟಿ ಬೆಳೆದ ಮಕ್ಕಳು ಮದುವೆಯಾಗಿ ತಮ್ಮದೇ ಪಿಚ್ ಕೇಳಿದರೂ ಜಾಗ ಇಲ್ಲ. ಯಾರಾದರೂ ತೀರಿಕೊಂಡರೆ ಮಾತ್ರ ಖಾಲಿಯಾಗುತ್ತದೆ, ಆಗಲೂ ಮನೆಯವರೇ ಮುಂದುವರಿಯುತ್ತಾರೆ. ಹಾಗಾದರೆ ಕೌನ್ಸಿಲ್ ಇನ್ನೊಂದು ಸೈಟ್ ಕಟ್ಟಬೇಕಲ್ವಾ? ಇಂಗ್ಲೆಂಡಿನಲ್ಲಿ ಕಟ್ಟಲೇಬೇಕು ಅನ್ನುವ ಕಾನೂನು ಇಲ್ಲ. ಮೊದಲು ಇತ್ತು, ತೆಗೆದುಹಾಕಿದರು.

ಕಥೆ ಹೀಗಿದೆ. 1960ರ ಒಂದು ಕಾನೂನು ಲೈಸೆನ್ಸ್ ಇಲ್ಲದೆ ಟ್ರೇಲರ್ ನಿಲ್ಲಿಸುವುದನ್ನು ಕಷ್ಟ ಮಾಡಿತು. ತೋಟದ ಕೆಲಸಕ್ಕೆ ಬಂದವರಿಗೆ ರೈತರು ಜಾಗ ಕೊಡುತ್ತಿದ್ದುದೂ ಕಮ್ಮಿಯಾಯಿತು. ತಲೆತಲಾಂತರದಿಂದ ತಂಗುತ್ತಿದ್ದ ಗೋಮಾಳಗಳನ್ನು ಮುಚ್ಚುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿತು. ಎಲ್ಲಿ ನಿಂತರೂ ಎಬ್ಬಿಸುತ್ತಿದ್ದರು. ಎರಿಕ್ ಲಬಕ್ ಎಂಬ ಲಿಬರಲ್ ಪಕ್ಷದ ಎಂಪಿ ಇದನ್ನು ನೋಡಿ ಖಾಸಗಿ ಮಸೂದೆ ತಂದರು. ಅದೇ 1968ರ ಕ್ಯಾರವಾನ್ ಸೈಟ್ಸ್ ಆಕ್ಟ್. ತಮ್ಮ ಪ್ರದೇಶದಲ್ಲಿ ಇರುವ, ಬಂದು ಹೋಗುವ ಜಿಪ್ಸಿಗಳಿಗೆ ಜಾಗ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಅಂತಾಯಿತು. 1970ರಲ್ಲಿ ಜಾರಿಗೆ ಬಂತು. ಎಷ್ಟೋ ಕೌನ್ಸಿಲ್‌ಗಳು ಕಟ್ಟದೆ ಮುಂದೂಡಿದವು. 1980ರ ನಂತರ ಕಟ್ಟುವ ಖರ್ಚು ಪೂರ್ತಿ ಸರ್ಕಾರವೇ ಕೊಟ್ಟಿತು, ಆಗ ನೂರಾರು ಸೈಟ್ ಎದ್ದವು. ನಾನು ಹೋಗುವ ಸೈಟ್ ಕೂಡ ಆ ದುಡ್ಡಿನದೇ. 1994ರಲ್ಲಿ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಆಕ್ಟ್ ಬಂದು ಆ ಕರ್ತವ್ಯವನ್ನೇ ಅಳಿಸಿಹಾಕಿತು. ಅದೇ ಕಾನೂನು ರಸ್ತೆಬದಿಯಲ್ಲಿ ನಿಂತವರನ್ನು ಎಬ್ಬಿಸಲು ಕೌನ್ಸಿಲ್‌ಗೂ ಪೊಲೀಸರಿಗೂ ಹೊಸ ಅಧಿಕಾರ ಕೊಟ್ಟಿತು. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು.

2004ರ ಹೌಸಿಂಗ್ ಆಕ್ಟ್ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಹೇಳಿದ್ದು ಇಷ್ಟೇ: ಜಿಪ್ಸಿ, ಟ್ರಾವೆಲರ್‌ಗಳಿಗೆ ಎಷ್ಟು ಜಾಗ ಬೇಕು ಅಂತ ಲೆಕ್ಕ ಹಾಕಿ. 2016ರಲ್ಲಿ ಅದನ್ನೂ ತೆಗೆದು, ಕ್ಯಾರವಾನ್ ಮತ್ತು ದೋಣಿಮನೆಗಳಿಗೆ ಬೇಕಾಗುವ ಜಾಗದ ಲೆಕ್ಕ ಅಂತ ಮಾಡಿದರು. ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈನಲ್ಲಿ, ಕ್ಯಾರವಾನ್ ಎಣಿಸುವುದು 1979ರಿಂದ ನಡೆದುಬಂದಿದೆ. ಎಣಿಸುತ್ತಾರೆ, ಕಟ್ಟುವುದಿಲ್ಲ.

ಲೆಕ್ಕದಲ್ಲೂ ಅನ್ಯಾಯ ಆಯಿತು. 2015ರ ಆಗಸ್ಟ್‌ನಲ್ಲಿ ಪ್ಲಾನಿಂಗ್ ನೀತಿಯಲ್ಲಿ ಒಂದು ಬದಲಾವಣೆ ಮಾಡಿದರು. ವಯಸ್ಸಾಗಿಯೋ ಕಾಯಿಲೆಯಿಂದಲೋ ತಿರುಗಾಟವನ್ನು ಪೂರ್ತಿ ನಿಲ್ಲಿಸಿದವರು ಇನ್ನು ಆ ನೀತಿಯ ಲೆಕ್ಕಕ್ಕೆ ಟ್ರಾವೆಲರ್ ಅಲ್ಲ ಅಂತ. ಮಂಡಿ ಹೋಗಿ ಮೆಟ್ಟಿಲು ಹತ್ತಲಾರದ ನನ್ನ ಬೋಗುಣಿ ಅಜ್ಜಿ ಒಂದೇ ದಿನದಲ್ಲಿ ಟ್ರಾವೆಲರ್ ಅಲ್ಲದೆ ಹೋದರು. ಇಂಥವರನ್ನೆಲ್ಲ ಬಿಟ್ಟ ಕೂಡಲೇ ಕೌನ್ಸಿಲ್‌ನ ಕಾಗದದಲ್ಲಿ "ಬೇಕಾದ ಪಿಚ್" ಸಂಖ್ಯೆ ಇಳಿಯಿತು. ಇದು ತಾರತಮ್ಯ ಅಂತ 2022ರ ಅಕ್ಟೋಬರ್‌ನಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿತು. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಹಳೆಯ ವ್ಯಾಖ್ಯೆಗೆ ಮರಳಿತು. ನಡುವೆ ಎಂಟು ವರ್ಷ ಹೋದವು. ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ.

ವೇಲ್ಸ್ ಹೀಗಿಲ್ಲ. ಅಲ್ಲಿಯ 2014ರ ಹೌಸಿಂಗ್ ಕಾನೂನಿನ ಪ್ರಕಾರ ಕೌನ್ಸಿಲ್ ಐದು ವರ್ಷಕ್ಕೊಮ್ಮೆ ಲೆಕ್ಕ ಹಾಕಬೇಕು, ಜಾಗ ಬೇಕು ಅಂತ ಲೆಕ್ಕ ತೋರಿಸಿದರೆ ಒದಗಿಸಲೇಬೇಕು. ಅಲ್ಲೂ ಕೆಲಸ ನಿಧಾನ ಅಂತ ಅಲ್ಲಿ ಕೆಲಸ ಮಾಡುವ ಗೆಳತಿ ಹೇಳುತ್ತಾಳೆ. ಆದರೂ ಕೇಳಲು ಒಂದು ಕಾನೂನಿನ ಆಧಾರ ಇದೆ.

ಜಾಗ ಸಿಗದವರು ಎಲ್ಲಿ ಹೋಗುತ್ತಾರೆ? ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಎಳೆ ಮಗು, ಇನ್ನೆರಡು ಚಿಕ್ಕ ಮಕ್ಕಳು. ಒಂದು ಹಳೆಯ ಕಾರ್ಖಾನೆಯ ಅಂಗಳದಲ್ಲಿ ಟ್ರೇಲರ್ ನಿಲ್ಲಿಸಿದ್ದರು. ನಾನು ಮಗುವಿನ ತೂಕ ಬರೆದುಕೊಂಡು ಬಂದೆ. ಮತ್ತೆ ಹೋಗುವಷ್ಟರಲ್ಲಿ ಅಲ್ಲಿ ಕಾಂಕ್ರೀಟ್ ದಿಮ್ಮಿಗಳನ್ನು ಅಡ್ಡ ಇಟ್ಟಿದ್ದರು, ಅವರು ಇರಲಿಲ್ಲ. ಫೋನ್ ಮಾಡಿ ಹುಡುಕಿದೆ. ಇನ್ನೊಂದು ಕಡೆ, ಅಲ್ಲಿಂದಲೂ ಎಬ್ಬಿಸಿ ಮತ್ತೊಂದು ಕಡೆ. ಆ ಓಡಾಟದಲ್ಲಿ ಮಗುವಿನ ಆರೋಗ್ಯದ ದಾಖಲೆ ಪುಸ್ತಕ (ರೆಡ್ ಬುಕ್) ಕಳೆದುಹೋಯಿತು, ಲಸಿಕೆಯ ಲೆಕ್ಕವೂ ಅದರ ಜೊತೆ ಹೋಯಿತು. ಕುಡಿಯುವ ನೀರಿಗೆ ಪೆಟ್ರೋಲ್ ಬಂಕ್. ಹಾಲಿನ ಬಾಟಲಿ ಕುದಿಸುವುದೂ ಅದೇ ನೀರಲ್ಲಿ.

ಕಾನೂನಿನ ಪ್ರಕಾರ ಇವರು ಮನೆಯಿಲ್ಲದವರು. 1996ರ ಹೌಸಿಂಗ್ ಆಕ್ಟ್ ಸೆಕ್ಷನ್ 175ರಲ್ಲಿ ಇದು ಸ್ಪಷ್ಟವಾಗಿದೆ: ವಾಸದ ಟ್ರೇಲರ್ ಇದ್ದೂ ಅದನ್ನು ನಿಲ್ಲಿಸಿಕೊಂಡು ಬದುಕಲು ಹಕ್ಕಿನ ಜಾಗ ಇಲ್ಲದಿದ್ದರೆ ಆ ವ್ಯಕ್ತಿ ಹೋಮ್‌ಲೆಸ್. ನಾನೇ ಜೊತೆಗೆ ಕೂತು ಅರ್ಜಿ ಹಾಕಿಸಿದೆ. ಕೌನ್ಸಿಲ್ ಕೊಟ್ಟಿದ್ದು ಬೇರೆ ಊರಿನ ಹಾಸ್ಟೆಲ್‌ನಲ್ಲಿ ಮೂರನೇ ಮಹಡಿಯ ಒಂದು ರೂಮು. ಟ್ರೇಲರ್ ಏನು ಮಾಡುವುದು ಅಂತ ಕೇಳಿದೆವು. ಅದು ನಿಮಗೆ ಬಿಟ್ಟದ್ದು ಅಂದರು. ಟ್ರೇಲರ್ ಮಾರಿ ರೂಮಿಗೆ ಹೋದರೆ, ರೂಮು ಬಿಡಿಸಿದ ದಿನ ಕೈಯಲ್ಲಿ ಏನೂ ಇರುವುದಿಲ್ಲ. ಅಕ್ಕತಂಗಿಯರು, ಅತ್ತೆ, ಚಿಕ್ಕಮ್ಮ ಎಲ್ಲ ಬಾಗಿಲಾಚೆ ಇರುವಲ್ಲಿ ಬೆಳೆದ ಹುಡುಗಿ ಅವಳು. ಬೇಡ ಅಂದಳು. ಫೈಲಿನಲ್ಲಿ "ನಿರಾಕರಿಸಿದ್ದಾರೆ" ಅಂತ ಬರೆದರು.

2022ರ ಜೂನ್ 28ರಿಂದ ಹೊಸ ಕಾನೂನೂ ಬಂದಿದೆ. ಅನುಮತಿಯಿಲ್ಲದೆ ವಾಹನದಲ್ಲಿ ತಂಗಿದವರು ದೊಡ್ಡ ಮಟ್ಟದ ಹಾನಿ ಅಥವಾ ತೊಂದರೆ ಮಾಡಿದರೆ, ಮಾಡುವ ಸಂಭವ ಇದ್ದರೂ ಸಾಕು, ಹೋಗಿ ಅಂದಾಗ ಹೋಗದಿದ್ದರೆ ಅದು ಅಪರಾಧ. ಮೂರು ತಿಂಗಳ ತನಕ ಜೈಲು, ದಂಡ, ವಾಹನ ಜಪ್ತಿ. ವಾಹನ ಅಂದರೆ ಇಲ್ಲಿ ಮನೆ. ಆ ತಾಯಿ ನನ್ನನ್ನು ಕೇಳಿದ್ದು, ಟ್ರೇಲರ್ ತೆಗೆದುಕೊಂಡು ಹೋದರೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರಾ ಅಂತ.

ಬೇರೆ ದಾರಿ ಇಲ್ಲ ಅಂತಲ್ಲ. ಲೀಡ್ಸ್‌ನಲ್ಲಿ ಲೀಡ್ಸ್ ಗೇಟ್ ಎಂಬ ಸಂಸ್ಥೆ ಮತ್ತು ಅಲ್ಲಿಯ ಕೌನ್ಸಿಲ್ ಸೇರಿ ಮಾತುಕತೆಯ ತಂಗುದಾಣ ಅಂತ ಒಂದು ಪದ್ಧತಿ ಶುರು ಮಾಡಿವೆ. ಇಂತಿಷ್ಟು ದಿನ ಇಲ್ಲಿರಿ, ಕಸದ ತೊಟ್ಟಿ, ಟಾಯ್ಲೆಟ್, ನೀರು ನಾವು ಕೊಡುತ್ತೇವೆ, ಜಾಗ ಚೊಕ್ಕಟವಾಗಿಡಿ ಅಂತ ಎರಡೂ ಕಡೆ ಒಪ್ಪಂದ. ಎಬ್ಬಿಸುವುದಕ್ಕೆ, ಆಮೇಲೆ ಸ್ವಚ್ಛ ಮಾಡುವುದಕ್ಕೆ ಸುರಿಯುವ ದುಡ್ಡಿಗಿಂತ ಇದು ಅಗ್ಗ. ಸ್ವಲ್ಪ ದಿನ ತಂಗಿ ಹೋಗಲು ಟ್ರಾನ್ಸಿಟ್ ಸೈಟ್ ಕಟ್ಟುವುದರಲ್ಲಿ ಕೌನ್ಸಿಲ್‌ಗೂ ಲಾಭ ಇದೆ. ಅದೇ ಪ್ರದೇಶದಲ್ಲಿ ಸೂಕ್ತ ಪಿಚ್ ಖಾಲಿ ಇದ್ದರೆ ಮಾತ್ರ ಪೊಲೀಸರು ಎಬ್ಬಿಸಲು ಬಳಸಬಹುದಾದ ಒಂದು ವಿಶೇಷ ಅಧಿಕಾರ ಕಾನೂನಿನಲ್ಲಿದೆ. ಪಾರ್ಕಿನಿಂದ ಎಬ್ಬಿಸಿ ಅಂತ ಕೂಗುವವರಿಗೂ ಇದನ್ನೇ ನಾನು ಹೇಳುವುದು: ಹೋಗಲು ಒಂದು ಜಾಗ ಮಾಡಿಕೊಡಿ.

ಜಿಪಿ (ಫ್ಯಾಮಿಲಿ ಡಾಕ್ಟರ್) ರಿಸೆಪ್ಷನ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಜಿಪಿ ಹತ್ತಿರ ರಿಜಿಸ್ಟರ್ ಆಗಲು ವಿಳಾಸದ ದಾಖಲೆ, ಗುರುತಿನ ಚೀಟಿ ಯಾವುದೂ ಕಡ್ಡಾಯ ಅಲ್ಲ. ವಿಳಾಸ ಇಲ್ಲ ಅಂತ ವಾಪಸ್ ಕಳಿಸಬೇಡಿ. ಮನೆಗೆ ವಿಸಿಟ್ ಹೋಗುವವರು ಯಾವ ಬೋಗುಣಿಯಲ್ಲಿ ಕೈ ತೊಳೆಯಲಿ ಅಂತ ಕೇಳಿ. ಆ ಒಂದು ಪ್ರಶ್ನೆಗೆ ಮುಖದ ಬಿಗಿ ಸಡಿಲವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಕೌನ್ಸಿಲ್‌ನ ಎಲ್ಲಿ ಏನು ಕಟ್ಟಬೇಕು ಅಂತ ತೀರ್ಮಾನಿಸುವ ಹೊಸ ಲೋಕಲ್ ಪ್ಲಾನ್‌ಗೆ ಈಗ ಅಭಿಪ್ರಾಯ ಕೇಳುತ್ತಿದ್ದಾರೆ. ಮುಂದಿನ ಐದು ವರ್ಷಕ್ಕೆ ಸಾಕಾಗುವಷ್ಟು ಟ್ರಾವೆಲರ್ ಪಿಚ್‌ಗಳಿಗೆ ಜಾಗ ಗುರುತಿಸಬೇಕು ಅಂತ ಪ್ಲಾನಿಂಗ್ ನೀತಿಯಲ್ಲೇ ಇದೆ. ಕರಡು ಪ್ರತಿಯಲ್ಲಿ ಒಂದು ಜಾಗವನ್ನೂ ಗುರುತಿಸಿಲ್ಲ. ನಾನು ಮೂರು ವಿಷಯ ಬರೆದು ಕಳಿಸಿದ್ದೇನೆ: ಊರಿಗೆ ಫುಟ್‌ಪಾತ್ ಇರುವ ಕಡೆ ಒಂದು ಟ್ರಾನ್ಸಿಟ್ ಸೈಟ್, ಈಗಿರುವ ಗೇಟಿನ ಹತ್ತಿರ ಬಸ್ ನಿಲ್ದಾಣ, ಉಳಿದ ಹನ್ನೊಂದು ಬ್ಲಾಕ್‌ಗಳಿಗೆ ಹೊರಬಾಗಿಲು. ನಿಮ್ಮ ಕೌನ್ಸಿಲ್‌ನ ಪ್ಲಾನ್‌ನಲ್ಲಿ ಏನು ಬರೆದಿದ್ದಾರೆ ಅಂತ ನೋಡಿ, ಅಲ್ಲಿ ವಾಸ ಇರುವ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಇವುಗಳಲ್ಲಿ ಯಾವುದು ಆದರೂ ಇಲ್ಲಿಗೇ ಬಂದು ಸ್ಟಾರ್ ತಿದ್ದುತ್ತೇನೆ.